ನೀರು ಕುಡಿಯದ ದೋಣಿ

ಹನೂರಿನಲ್ಲಿ ಗಾಲಿ ಗೋವಿಂದಯ್ಯ ಎಂದರೆ ತಿಳಿಯದವರಿಲ್ಲ. ಒಂದು ಕಾಲದಲ್ಲಿ ಅವನು ಮಾಡಿದ ಗಾಲಿಗಳ ಮೇಲೆಯೇ ಕುಂತೂರಿನ ಕಾರ್ಖಾನೆಗೆ ಕಬ್ಬು ಹೋಗುತ್ತಿತ್ತು. ಟ್ರ್ಯಾಕ್ಟರ್‌ಗಳು ಬಂದು ಎತ್ತಿನ ಗಾಡಿಗಳು ಮೂಲೆ ಸೇರಿದ ಮೇಲೆ ಬಾಗಿಲು ಮಾಡಿದ, ಕಿಟಕಿ ಮಾಡಿದ, ಕೊನೆಗೆ ಕೋಳಿಗೂಡನ್ನೂ ಮಾಡಿದ. ಹೆಸರು ಮಾತ್ರ ಗಾಲಿಯದೇ ಉಳಿಯಿತು.

ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂಬ ಮಾತು ಆ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಇದೆ. ಗೋವಿಂದಯ್ಯನ ಮನೆಯಲ್ಲಿ ಅದು ಬರೀ ಮಾತಲ್ಲ. ಹೆಂಡತಿ ಕುಸುಮ ಎರಡನೆಯ ಹೆರಿಗೆಗೆಂದು ಕೊಳ್ಳೇಗಾಲದ ಬಸ್ಸಿಗೆ ಹೊರಟಾಗ ಇವನು, "ಲೇ ಕುಸುಮ, ಟವಲ್ ಬುಟ್ಬುಟ್ಟೆ ಕಣೇ" ಎಂದು ಕೂಗಿದ್ದ. ಅವಳು ನಗುತ್ತಾ ತಿರುಗಿ ಬಂದು ಟವಲು ಇಸಿದುಕೊಂಡು ಹೋದಳು. ಆಮೇಲೆ ಅವಳೂ ಬರಲಿಲ್ಲ, ಕೂಸೂ ಬರಲಿಲ್ಲ. ಡಾಕ್ಟರು ಬಿ.ಪಿ. ಎಂದರು. ಗೋವಿಂದಯ್ಯ ತನ್ನ ಬಾಯಿ ಎಂದ, ಇವತ್ತಿಗೂ ಹಾಗೇ ಅನ್ನುತ್ತಾನೆ. ಉಳಿದ ಒಬ್ಬಳೇ ಮಗಳು ದೀಪಶ್ರೀಗೆ ಅವನು ಕಲಿಸಿದ ಮೊದಲ ಪಾಠವೇ ಅದು: "ಒಂಟ್ ಮ್ಯಾಲೆ ತಿರುಗ್ಬ್ಯಾಡ ಕಣ್ಮಗ. ನಾನೇ ಬಾಯ್ ಬಡ್ಕಂಡ್ರೂ ತಿರುಗ್ಬ್ಯಾಡ."

ಮಗಳು ಬೆಳೆದು ಕಾವೇರಿ ದಡದ ಒಂದು ಕ್ಯಾಂಪಿನಲ್ಲಿ ಪ್ರವಾಸಿಗರಿಗೆ ಹರಿಗೋಲು ನಡೆಸುವ ಕೆಲಸಕ್ಕೆ ಸೇರಿದಳು. ಹೆಣ್ಣು ಹುಡುಗಿ ಹುಟ್ಟು ಹಾಕುವುದೇ ಎಂದು ಆಡಿಕೊಂಡವರೇ ಆಮೇಲೆ ನೆಂಟರನ್ನು ಕರೆದುಕೊಂಡು ಹೋಗಿ ಅವಳ ಹರಿಗೋಲಿನಲ್ಲಿ ಕೂತು ಬಂದರು. ಆ ಕ್ಯಾಂಪಿನ ಯಜಮಾನ ಬಸವಕುಮಾರ್ ಒಂದು ದಿನ ಗೋವಿಂದಯ್ಯನ ಶೆಡ್ಡಿಗೆ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಉದ್ದನೆಯ, ಸಪೂರ ಮರದ ದೋಣಿ.

"ಅರಿಗೋಲು ಎಲ್ಲರತ್ರನೂ ಅದೆ ಗೋವಿಂದಯ್ಯ. ಕಾಡೊಳಗೆ ಎರಡು ದಿನ ಒಳೆ ನೀರಲ್ಲೇ ಓಗೋ ಅಂಥದ್ದು, ಕೈಯಲ್ಲೇ ಮಾಡಿದ್ದು ಬೇಕು. ಆಯ್ತದಾ?"

ಆಗದು ಎನ್ನುವ ಜಾಯಮಾನ ಅವನದಲ್ಲ. ಯಳಂದೂರಿನಲ್ಲಿ ಕೆಡವುತ್ತಿದ್ದ ಹಳೆಯ ಮನೆಯಿಂದ ತೇಗದ ತೊಲೆಗಳನ್ನು ತಂದ. ಹಲಗೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಕೆಂಡದ ಮೇಲೆ ಹಿಡಿದು, ಹಸುಗೂಸಿನ ಕಾಲು ನೀವಿದ ಹಾಗೆ ನೀವಿ ಬಗ್ಗಿಸಿದ. ಎಷ್ಟೋ ವರ್ಷದ ಮೇಲೆ ಅವನ ಶೆಡ್ಡಿನ ಮುಂದೆ ಜನ ನಿಂತು ನೋಡಿದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಗೋವಿಂದಯ್ಯ ಹಲಗೆ ಹಲಗೆಯ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟ. ಗಾಲಿಗೂ ಹಾಗೆಯೇ ಬಿಡುತ್ತಿದ್ದ. ಗಾಲಿಯನ್ನು ಕೆರೆಯಲ್ಲಿ ಕೆಡವಿದರೆ ಮರ ನೀರು ಕುಡಿದು ಉಬ್ಬುತ್ತದೆ, ಸಂದು ತಾನಾಗಿ ಬಿಗಿಯುತ್ತದೆ. ದೋಣಿ ಹೇಗೂ ನೀರಲ್ಲೇ ಇರುವುದು, ಅದಕ್ಕೂ ಅಷ್ಟೇ ಎಂದುಕೊಂಡ.

ಆದರೆ ಬಸವಕುಮಾರನಿಗೆ ಫೋಟೋದಲ್ಲಿ ಮಿಂಚುವ ದೋಣಿ ಬೇಕಿತ್ತು. ವಾರ್ನಿಶ್ ಡಬ್ಬಗಳನ್ನು ತಂದಿಟ್ಟ. ಗೋವಿಂದಯ್ಯನೇ ಒಳಗೂ ಹೊರಗೂ ಪದರದ ಮೇಲೆ ಪದರ ಬಳಿದ. ತೇಗ ಜೇನಿನ ಬಣ್ಣಕ್ಕೆ ತಿರುಗಿತು. ಬಂದವರೆಲ್ಲ ಬೆನ್ನು ತಟ್ಟಿದರು. ಹೊಗಳಿಕೆಯಲ್ಲಿ ಮುದುಕನ ತಲೆ ತಿರುಗಿತ್ತು. ಇಲ್ಲದಿದ್ದರೆ ಅಷ್ಟು ಸಣ್ಣ ವಿಷಯ ಅವನಂಥವನಿಗೆ ಹೊಳೆಯದೇ ಇರುತ್ತಿತ್ತೇ?

ಹೊರಡುವ ದಿನ ಬೆಳಿಗ್ಗೆ ದಡದಲ್ಲಿ ಪೂಜೆಯಾಯಿತು, ಕಾಯಿ ಒಡೆದರು. ಇಬ್ಬರು ಅತಿಥಿಗಳು ನಡುವೆ ಕೂತರು. ಅವರಿಗೂ ದೀಪಶ್ರೀಗೂ ಲೈಫ್ ಜಾಕೆಟ್ ಇದ್ದವು. ಅವಳು ಹಿಂದೆ ಕೂತು ಹುಟ್ಟು ಹಿಡಿದಳು. ದೋಣಿ ನೂಕುವ ಮರ್ಯಾದೆ ಗೋವಿಂದಯ್ಯನದು. ಸೊಂಟಮಟ್ಟದ ನೀರಿನವರೆಗೆ ನೂಕಿ, ಗಾಲಿಗೆ ಮಾಡುತ್ತಿದ್ದ ಹಾಗೆ ಒಂದು ಬೊಗಸೆ ನೀರನ್ನು ಮರದ ಮೇಲೆ ಎರಚಿ ಕೈಬಿಟ್ಟ.

ನೀರು ಮರಕ್ಕೆ ಇಳಿಯಲಿಲ್ಲ. ಕೆಸುವಿನ ಎಲೆಯ ಮೇಲಿಂದ ಜಾರುವ ಹಾಗೆ ಹನಿಹನಿಯಾಗಿ ಜಾರಿತು.

ಆಗ ಅವನಿಗೆ ಹೊಳೆಯಿತು. ವಾರ್ನಿಶ್ ಹೊಡೆದ ಮರ ನೀರು ಕುಡಿಯುವುದಿಲ್ಲ. ಕುಡಿಯದ ಮರ ಉಬ್ಬುವುದಿಲ್ಲ. ಸಂದುಗಳು ಬಿಗಿದಿಲ್ಲ, ಬರೀ ವಾರ್ನಿಶ್‌ನಿಂದ ಮುಚ್ಚಿಕೊಂಡಿವೆ. ಮುಂದೆ ಬರೀ ಬಂಡೆ. ಒಂದಕ್ಕೆ ಉಜ್ಜಿದರೂ ತಳ ಬಾಯಿಬಿಡುತ್ತದೆ.

ದೋಣಿ ಆಗಲೇ ಸೆಳವಿಗೆ ಸಿಕ್ಕಿತ್ತು. ಕೂಗಬೇಕು. ಗಂಟಲಿನಲ್ಲಿ ಕುಸುಮ ಅಡ್ಡ ನಿಂತಳು. ಟವಲು ಇಸಿದುಕೊಳ್ಳುವಾಗಿನ ಆ ನಗು ಕಣ್ಣ ಮುಂದೆ ಬಂತು. ಕೂಗಿ ಒಬ್ಬಳನ್ನು ಕಳೆದುಕೊಂಡಿದ್ದೇನೆ, ಇವಳನ್ನೂ ಕೂಗಲೇ? ದೋಣಿ ಒಂದು ಮಾರು ಹೋಯಿತು, ಇನ್ನೊಂದು ಮಾರು ಹೋಯಿತು. ಕೊನೆಗೆ ಆ ಭಯವನ್ನು ಒದ್ದುಕೊಂಡು ದನಿ ಹೊರಬಂತು.

"ದೀಪಾ! ಮಗಾ! ನಿಂತ್ಕ! ವಾಪಸ್ ಬಾ ಮಗಾ!"

ಅತಿಥಿಗಳು ತಿರುಗಿ ನೋಡಿ ಕೈಬೀಸಿದರು. ದೀಪಶ್ರೀ ತಿರುಗಲಿಲ್ಲ. ತಲೆಯನ್ನು ಇನ್ನಷ್ಟು ತಗ್ಗಿಸಿ, ಬಿರುಸಾಗಿ ಹುಟ್ಟು ಹಾಕಿ ತಿರುವು ದಾಟಿಹೋದಳು.

ಬಸವಕುಮಾರನಿಗೆ ವಿಷಯ ತಿಳಿದಾಗ ಅವನ ಮುಖ ಬಿಳಿಚಿಕೊಂಡಿತು. ಆ ಕಾಡಿನಲ್ಲಿ ಮೊಬೈಲ್ ಹತ್ತುವುದಿಲ್ಲ. ಜೀಪು ಹತ್ತಿ ಕಾಡುದಾರಿಯಲ್ಲಿ ಮೊದಲ ತಂಗುದಾಣದ ಕಡೆ ಓಡಿಸಿದರು. ದಾರಿಯುದ್ದಕ್ಕೂ ಗೋವಿಂದಯ್ಯ ಮಾದಪ್ಪನಿಗೆ ಹರಕೆ ಹೊರಲೂ ಹೆದರಿದ. ತನ್ನ ಬಾಯಿಂದ ಯಾವ ಮಾತು ಬಂದರೂ ಕೇಡೇ ಎನಿಸಿತ್ತು.

ತಂಗುದಾಣಕ್ಕಿಂತ ಮೊದಲೇ ಮರಳ ದಿಣ್ಣೆಯ ಮೇಲೆ ಸಿಕ್ಕರು. ಅತಿಥಿಗಳು ಒದ್ದೆಯಾಗಿ ನಡುಗುತ್ತಾ ಕೂತಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ದಡಕ್ಕೆ ಎಳೆದು ತರುವಾಗ ದೀಪಶ್ರೀಯ ಎಡಭುಜ ಬಂಡೆಗೆ ಬಡಿದು ಮೂಳೆ ಮುರಿದಿತ್ತು. ಒಡೆದ ದೋಣಿಯ ಜೇನಿನ ಬಣ್ಣದ ಹಲಗೆಗಳಲ್ಲಿ ಒಂದು ಮಾತ್ರ ಪೊದೆಗೆ ಸಿಕ್ಕಿ ನಿಂತಿತ್ತು.

ಗೋವಿಂದಯ್ಯ ಅವಳ ಕಾಲ ಬಳಿ ಕುಸಿದ. "ಕೂಗ್ದೆ ಕಣ್ಮಗ. ನಿಂಗೆ ಕೇಳುಸ್ನಿಲ್ವಾ?"

"ಕೇಳುಸ್ತು ಕಣಪ್ಪ," ಎಂದಳು ದೀಪಶ್ರೀ, ನೋವಿಗೆ ಹಲ್ಲು ಕಚ್ಚಿಕೊಂಡು. "ತಿರುಗ್ಬ್ಯಾಡ ಅಂತ ನೀನೇ ಏಳಿದ್ದಲ್ಲಾ."



ಅವಳ ಎಡಗೈ ಈಗಲೂ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಹುಟ್ಟು ಬಿಟ್ಟು ಹನೂರಿನ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಅವಳು ಹೊಸ್ತಿಲು ದಾಟಿದ ಕೂಡಲೇ ಗೋವಿಂದಯ್ಯ ಶೆಡ್ಡಿನಿಂದ "ದೀಪಾ!" ಎಂದು ಕೂಗುತ್ತಾನೆ. ಬೀದಿಯವರು ಮುದುಕನಿಗೆ ಅರಳುಮರಳು ಎಂದುಕೊಂಡಿದ್ದಾರೆ. ಅವಳು ತಿರುಗಿ ನೋಡುವವರೆಗೂ ಅವನು ಕೂಗುತ್ತಲೇ ಇರುತ್ತಾನೆ.