ದೊಡ್ಡಪ್ಪನ ಸಾಮಾನಿನ ಖೋಲಿ

ಗೋಣಿಚೀಲ, ಬೆಲ್ಲ, ಅವೆರಡರ ಅಡಿಗೆ ತೆಳ್ಳಗೆ ಕಮಟು ಹಿಡಿದ ಎಣ್ಣೆ. ಈ ಮೂರೂ ಕೂಡಿದ ವಾಸನೆ ನನ್ನ ಮೂಗಿಗೆ ಬಡಿದು ಎಷ್ಟೋ ವರ್ಷವಾಗಿತ್ತು. ಹೋದ ತಿಂಗಳು ನವಲಗುಂದದಲ್ಲಿ, ನನ್ನ ಜೊತೆ ಕಲಿಸುವ ಟೀಚರೊಬ್ಬರು ತಮ್ಮ ಹೊಸ ಮನೆ ತೋರಿಸುತ್ತ ಅಡುಗೆಮನೆಯ ಬಾಜೂಕಿನ ಒಂದು ಸಣ್ಣ ಬಾಗಿಲು ತೆರೆದರು. ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಿಂದ ವರ್ಷಕ್ಕಾಗುವಷ್ಟು ಅಕ್ಕಿ, ಬೇಳೆ, ಎಣ್ಣೆ ಒಮ್ಮೆಲೇ ತಂದು ಪೇರಿಸಿಟ್ಟಿದ್ದರು. "ಹಿಂಗ ತಂದ್ರ ಎಷ್ಟ್ ಉಳೀತೈತಿ ಗೊತ್ತೇನ್ರಿ" ಅಂದರು. ಮುಖದಲ್ಲಿ ಗೆದ್ದವರ ಕಳೆ. ನಾನು ಚಲೋ ಆತು ಬಿಡ್ರಿ ಅಂದೆ. ಆದರೆ ಒಳಗಿನಿಂದ ಒಂದು ಹಳೆಯ ತಾತ್ಸಾರ ಎದ್ದು ಬಂತು. ಪಾಪ, ಅವರ ತಪ್ಪೇನಿರಲಿಲ್ಲ. ಆ ತಾತ್ಸಾರ ನನ್ನ ದೊಡ್ಡಪ್ಪನದು. ಅರ್ಧ ಅವನ ಮೇಲಿನದು, ಇನ್ನರ್ಧ ಅವನಿಂದಲೇ ನಾನು ಕಲಿತದ್ದು.

ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ ನಮ್ಮೂರು. ಕರಿಮಣ್ಣಿನ ಹೊಲ, ಮಣ್ಣಿನ ಮಾಳಿಗೆಯ ಮನೆ. ಮನೆಯಲ್ಲಿ ದೊಡ್ಡಪ್ಪ, ದೊಡ್ಡವ್ವ, ಅವರ ಮಗಳು ಶಾಂತಕ್ಕ, ನಮ್ಮಪ್ಪ, ಅವ್ವ, ನಾನು. ಯಜಮಾನಿಕೆ ದೊಡ್ಡಪ್ಪನದು. ವರ್ಷಕ್ಕೊಮ್ಮೆ, ಯುಗಾದಿ ಮುಗಿದ ಮೇಲೆ, ಅವನು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಸಿಕೊಂಡು ಅಣ್ಣಿಗೇರಿಯ ಹೋಲ್‌ಸೇಲ್ ಅಂಗಡಿಗೆ ಹೋಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಕ್ಕಿಯ ಚೀಲ, ತೊಗರಿಬೇಳೆಯ ಚೀಲ, ಕುಸುಬಿ ಎಣ್ಣೆಯ ಡಬ್ಬಿ, ತೊಡೆಯಷ್ಟು ದಪ್ಪನೆಯ ಬೆಲ್ಲದ ಪೆಂಟಿ, ಸಾಬೂನಿನ ಪೆಟ್ಟಿಗೆ ಎಲ್ಲ ಹೊತ್ತ ಟ್ರ್ಯಾಕ್ಟರ್ ಬಾಗಿಲಿಗೆ ಬಂದು ನಿಂತರೆ ಓಣಿಯೇ ನೋಡುತ್ತಿತ್ತು. ನೋಡಲಿ ಅಂತಲೇ ಅವನು ಇಳಿಸುವುದನ್ನು ಸಾವಕಾಶ ಮಾಡಿಸುತ್ತಿದ್ದ. ಎಲ್ಲವೂ ನಡುಮನೆಯ ಬಲಕ್ಕಿದ್ದ ಕತ್ತಲೆ ಖೋಲಿಗೆ ಹೋಗಿ ಬೀಳುತ್ತಿದ್ದವು. ಬೀಗದ ಕೈ ದೊಡ್ಡಪ್ಪನ ಉಡದಾರದಲ್ಲಿ. ಒಲೆ ಮುಂದೆ ಬೇಯುವವಳು ದೊಡ್ಡವ್ವ, ಬೆಳಿಗ್ಗೆ ಹಿಡಿ ಬೇಳೆಗೂ ಅವನ ಮುಂದೆ ಬುಟ್ಟಿ ಹಿಡಿದು ನಿಲ್ಲುವವಳೂ ಅವಳೇ. ನಿಮ್ಮ ಮನೆಯಲ್ಲೂ ಅಂಥದೊಂದು ಖೋಲಿ ಇದ್ದಿದ್ದರೆ, ಅದರ ತಂಪು, ಅದರ ನೆಲದ ಮೇಲೆ ಚೆಲ್ಲಿದ ಕಾಳು ಬರಿಗಾಲಿಗೆ ಚುಚ್ಚುವುದು, ನಿಮಗೂ ನೆನಪಿರುತ್ತದೆ. ನನಗೆ ಅದು ಆಗ ಅರಮನೆಯ ಭಂಡಾರದಂತೆ ಕಾಣುತ್ತಿತ್ತು.

ಆದರೆ ತಿಂದದ್ದೇನು? ಹಳೆಯದು ತೀರುವ ತನಕ ಹೊಸದನ್ನು ಮುಟ್ಟುವಂತಿಲ್ಲ ಎಂಬುದು ದೊಡ್ಡಪ್ಪನ ಕಟ್ಟಪ್ಪಣೆ. ಹೋದ ವರ್ಷದ ಅಕ್ಕಿ ತೀರುವುದರೊಳಗೆ ಈ ವರ್ಷದ್ದು ಬಂದಿರುತ್ತಿತ್ತು. ಅದರ ಸರದಿ ಬರುವ ಹೊತ್ತಿಗೆ ಅದಕ್ಕೂ ನುಸಿ ಬಿದ್ದಿರುತ್ತಿತ್ತು. ಹೀಗೆ ಇಡೀ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಾಮಾನು ಇದ್ದ ನಾವು ಎಲ್ಲರಿಗಿಂತ ಕೆಟ್ಟದ್ದನ್ನು ಉಣ್ಣುತ್ತಿದ್ದೆವು. ಅವ್ವ ಮತ್ತು ದೊಡ್ಡವ್ವನ ಮಧ್ಯಾಹ್ನಗಳೆಲ್ಲ ಮೊರ ಹಿಡಿದು ಹುಳ ಕೇರುವುದರಲ್ಲಿ, ಅಂಗಳದಲ್ಲಿ ಬೇಳೆ ಒಣಹಾಕಿ ಕೋಳಿ ಕಾಯುವುದರಲ್ಲಿ ಹೋದವು. ದೊಡ್ಡಪ್ಪನ ಉಳಿತಾಯವೆಂದರೆ ಆ ಇಬ್ಬರು ಹೆಂಗಸರ ಕಣ್ಣು ಮತ್ತು ಸೊಂಟ. ಅದು ಅವನಿಗೆ ಎಂದೂ ತಿಳಿಯಲಿಲ್ಲ. ತಿಳಿದಿದ್ದರೂ ಏನೂ ಅನ್ನಿಸುತ್ತಿರಲಿಲ್ಲ.

ಅವನು ಸಂಜೆ ಕಟ್ಟೆಯ ಮೇಲೆ ಕೂತು, ಜೈತುನಬಿಯ ಅಂಗಡಿಯಿಂದ ಕಾಗದದ ಪುಡಿಕೆ ಹಿಡಿದು ಬರುವವರನ್ನು ನೋಡಿ ನಗುತ್ತಿದ್ದ. "ಏನವಾ, ಇವತ್ತಿನ ಚಹಾಕ್ಕ ಇವತ್ತ ಸಕ್ಕರಿ ಏನು?" ಎಂದು ಕೂಲಿಗೆ ಹೋಗಿ ಬಂದ ಹೆಣ್ಣುಮಗಳನ್ನು ಕೇಳುವನು. ಜೈತುನಬಿ ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಡಬ್ಬಿ ಇಟ್ಟು ವ್ಯಾಪಾರ ಮಾಡುತ್ತಿದ್ದವಳು. ನಾವು ಹುಡುಗರು ಅವಳಿಗೆ ಕಾಕು ಅನ್ನುತ್ತಿದ್ದೆವು. ಒಂದು ದಿನ ದೊಡ್ಡಪ್ಪ ಅವಳ ಅಂಗಡಿಯ ಮುಂದೆಯೇ ನಿಂತು, "ನಿನ್ನ ಇಡೀ ಅಂಗಡಿ ನನ್ನ ಖೋಲಿ ಮೂಲ್ಯಾಗ ಹಿಡಿಸ್ತೈತಿ ನೋಡ್ ಜೈತುನಬಿ" ಅಂದ. ಅವಳು ತಕ್ಕಡಿ ಕೆಳಗಿಟ್ಟು, "ಹೌದ್ರಿ ಅಣ್ಣಾರ. ಅಷ್ಟೆಲ್ಲಾ ಯಾವಾಗ ತಿಂತೀರಿ?" ಎಂದು ಕೇಳಿದಳು. ನಿಜವಾಗಿ ತಿಳಿದುಕೊಳ್ಳಲೆಂದು ಕೇಳಿದ ಹಾಗಿತ್ತು. ದೊಡ್ಡಪ್ಪ ಧೋತರ ಎತ್ತಿಕಟ್ಟಿ ಮನೆಯ ಕಡೆ ನಡೆದ.

ಮರುದಿನ ನಾನೇ ಅಲ್ಲಿಗೆ ಹೋಗಿ, ಅವನದೇ ಧಾಟಿಯಲ್ಲಿ, "ನಮ್ಮ ಮನ್ಯಾಗ ಎಲ್ಲಾ ಚೀಲಗಟ್ಟಲೆ ಐತಿ, ನಿನ್ನ ಅಂಗಡ್ಯಾಗ ಏನೈತಿ ಬೇ" ಅಂದೆ. ಆಗ ನನಗೆ ಹತ್ತು ವರ್ಷ. ಕಾಕು ಬರಣಿಯಿಂದ ಒಂದು ಪೇಪರಮಿಂಟು ತೆಗೆದು ನನ್ನ ಕೈಗಿಟ್ಟಳು. ಆ ವಸ್ತು ನಮ್ಮ ಖೋಲಿಯಲ್ಲಿ ಎಂದೂ ಇರಲಿಲ್ಲ. ನಾನು ಅಲ್ಲೇ ನಿಂತು ಚೀಪಿ ತಿಂದು ಮನೆಗೆ ಬಂದೆ. ಈಗ ಆ ಹುಡುಗಿಯನ್ನು ನೆನೆದರೆ ನನಗೆ ಹೇಸಿಕೆ.

ದೊಡ್ಡಪ್ಪನಿಗೆ ಕಾಕುವಿನ ಆ ಪ್ರಶ್ನೆ ಎಲ್ಲಿಯೋ ನಾಟಿತ್ತೆಂದು ಕಾಣುತ್ತದೆ. ಮುಂದಿನ ಯುಗಾದಿಗೆ ಅವನು ಓಣಿಯ ಮನೆಮನೆಗೆ ಹೋಗಿ, ಎಲ್ಲರೂ ಕೂಡಿ ಅಣ್ಣಿಗೇರಿಯಿಂದ ತರಿಸೂಣು, ಟ್ರ್ಯಾಕ್ಟರ್ ನಂದು, ಬಾಡಿಗಿ ಬ್ಯಾಡ ಎಂದು ಒಪ್ಪಿಸಿದ. ಯಾರಿಗೂ ಹತ್ತು ಪೈಸೆ ಬಿಡದವನ ಈ ಧಾರಾಳ ಕಂಡು ಜನ ಅವನನ್ನು ಹೊಗಳಿದರು. ಎರಡು ಟ್ರಿಪ್ಪು ಸಾಮಾನು ಬಂತು. ಜೈತುನಬಿ ಕಾಕುವಿನ ಪಡಸಾಲೆಯ ಮುಂದೆ ನಿಲ್ಲುವವರು ಕಡಿಮೆಯಾದರು. ದಸರೆಯ ಹೊತ್ತಿಗೆ ಅವಳು ಡಬ್ಬಿಗಳನ್ನು ಒಳಗೆತ್ತಿಟ್ಟು ಶೇಂಗಾ ಬಿಡಿಸುವ ಕೂಲಿಗೆ ಹೋಗತೊಡಗಿದಳು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಅವಳು ಹೋಗುವುದನ್ನು ನೋಡುತ್ತಿದ್ದ. ಆಗ ನಗಲಿಲ್ಲ ಎಂಬುದಷ್ಟೇ ಅವನ ಪರವಾಗಿ ನಾನು ಹೇಳಬಹುದಾದ ಮಾತು.

ಆ ವರ್ಷವೇ ಶಾಂತಕ್ಕನ ಕುಬಸ. ಏಳು ತಿಂಗಳ ಬಸುರಿ ಮಗಳಿಗೆ ತವರಿನಲ್ಲಿ ಉಡಿ ತುಂಬುವ ಕಾರ್ಯ. ಕುಂದಗೋಳದ ಕಡೆಯಿಂದ ಬೀಗರು ಬರುವವರಿದ್ದರು. ಮಳೆಗಾಲದ ತಂಪಿಗೆ ಬೆಲ್ಲದ ಪೆಂಟಿ ನೀರೊಡೆದು ಹುಳಿತಿತ್ತು. ಎಣ್ಣೆ ಹಿಂದಿನ ವರ್ಷದ್ದು. ಬೆಳಿಗ್ಗೆ ದೊಡ್ಡವ್ವ ಹೂರಣವನ್ನು ನಾಲಿಗೆಗೆ ಹಚ್ಚಿ ನೋಡಿ ಹಿತ್ತಲಲ್ಲಿ ಉಗುಳಿ ಬಂದಳು. "ಅಣ್ಣಿಗೇರಿಗೆ ಯಾರನ್ನರ ಕಳಸ್ರಿ. ಎರಡ ಕಿಲೋ ಬೆಲ್ಲ, ಒಂದೀಟು ಎಣ್ಣಿ" ಎಂದು ಕೇಳಿದಳು. ದಿನಾ ಬುಟ್ಟಿ ಹಿಡಿದು ನಿಲ್ಲುವುದನ್ನು ಬಿಟ್ಟರೆ, ಅವಳು ಬಾಯಿಬಿಟ್ಟು ಗಂಡನನ್ನು ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ದೊಡ್ಡಪ್ಪ, "ಖೋಲಿ ತುಂಬ ಇಟಗೊಂಡು ಎರಡ ಕಿಲೋ ಬೆಲ್ಲ ತರಾಕ ಹೋಗೂದು? ಮಂದಿ ಏನಂದಾರು?" ಅಂದ. ದೊಡ್ಡವ್ವ ಅದೇ ಹೂರಣ ತುಂಬಿ ಹೋಳಿಗೆ ತಟ್ಟಿದಳು.

ಊಟಕ್ಕೆ ಕೂತಾಗ ಬೀಗತಿ ಹೋಳಿಗೆಯ ಒಂದು ತುಣುಕು ಬಾಯಿಗಿಟ್ಟು, ನುಂಗಿ, ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿದಳು. "ಹಸಿವಿಲ್ರಿ, ಹಾದ್ಯಾಗ ಚಹಾ ಆತು" ಅಂದಳು. ಶಾಂತಕ್ಕ ಹಸಿರು ಸೀರೆಯ ಸೆರಗು ಬಾಯಿಗೊತ್ತಿ ಹಿತ್ತಲಿಗೆ ಓಡಿದಳು. ಅವಳು ಅಲ್ಲಿ ಕಾರಿಕೊಳ್ಳುವ ಸದ್ದು ಪಂಕ್ತಿಗೆಲ್ಲ ಕೇಳಿತು. ದೊಡ್ಡಪ್ಪ ಮಾತ್ರ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಆಗ ದೊಡ್ಡವ್ವ ಕೈ ತೊಳೆದು, ಖಾಲಿ ಬುಟ್ಟಿ ಹಿಡಿದು, ಎಲ್ಲರ ಎದುರಿಗೇ ಬಾಗಿಲು ದಾಟಿ ಹೊರಟಳು. ನಾನು ಹಿಂದೆ ಓಡಿದೆ. ಜೈತುನಬಿ ಕಾಕುವನ್ನು ಕುಬಸಕ್ಕೆ ನಮ್ಮವರು ಯಾರೂ ಕರೆದಿರಲಿಲ್ಲ. ದೊಡ್ಡವ್ವ ಅವಳ ಮನೆಯ ಹೊಸ್ತಿಲ ಹೊರಗೆ ನಿಂತು ಬುಟ್ಟಿ ಮುಂದೆ ಹಿಡಿದಳು. ಏನು ಬೇಕೆಂದು ಹೇಳಲಾಗದೆ ಅಳತೊಡಗಿದಳು. ಕಾಕು ಕೇಳಲೂ ಇಲ್ಲ. ತನ್ನ ಅಡುಗೆಮನೆಯಿಂದ ಇದ್ದಷ್ಟು ಸಕ್ಕರೆ, ರವೆ, ಒಂದು ವಾಟಗ ಎಣ್ಣೆ ತಂದು ಬುಟ್ಟಿಗಿಟ್ಟು, "ಜಲ್ದಿ ಹೋಗ್ರಿ ಅಕ್ಕಾರ, ಬೀಗರು ಎದ್ದು ಹೋದಾರು. ಹುಡುಗಿಗೆ ಮೊದಲ ಕೊಡ್ರಿ" ಅಂದಳು. ದೊಡ್ಡವ್ವ ಮನೆಗೆ ಬಂದು ಸಿರಾ ಮಾಡಿದಳು. ಬೀಗರು ಉಂಡರು, ಶಾಂತಕ್ಕ ಎರಡು ಸಲ ಹಾಕಿಸಿಕೊಂಡಳು. ದೊಡ್ಡಪ್ಪ ಅದನ್ನು ಮುಟ್ಟಲಿಲ್ಲ. ಉಳಿದ ಹೋಳಿಗೆಯನ್ನು ನಾಲ್ಕು ದಿನ ಅವನೊಬ್ಬನೇ, ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ತಿಂದ. ಅಷ್ಟು ಸಣ್ಣ ಮನುಷ್ಯನನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಮರುವರ್ಷ ಕಾಕು ಮಗನ ಜೊತೆ ಗದಗಕ್ಕೆ ಹೋದಳು. ಅವಳ ಸುದ್ದಿ ಮತ್ತೆ ನಮಗೆ ಬರಲಿಲ್ಲ. ನಾವೂ ವಿಚಾರಿಸಲಿಲ್ಲ.

ಬಹಳ ವರ್ಷಗಳ ಮೇಲೆ ದೊಡ್ಡಪ್ಪ ಹಾಸಿಗೆ ಹಿಡಿದ. ಗಂಜಿಯೊಂದು ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ನಾನು ನೌಕರಿಯಿಂದ ರಜೆ ಹಾಕಿ ಊರಿಗೆ ಹೋಗಿದ್ದೆ. ಬೀಗದ ಕೈ ಅಷ್ಟು ಹೊತ್ತಿಗೆ ದೊಡ್ಡವ್ವನ ಸೊಂಟಕ್ಕೆ ಬಂದಿತ್ತು, ಆದರೆ ಅವಳು ಖೋಲಿ ತೆರೆಯಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದು, "ಬಸ್ ಸ್ಟ್ಯಾಂಡ್ ಅಂಗಡಿಂದ ಅರ್ಧ ಕಿಲೋ ಹೊಸಾ ಅಕ್ಕಿ ತೊಗೊಂಡ್ ಬಾ. ಸೆರಗಿನ್ಯಾಗ ಮುಚಗೊಂಡ್ ಬಾ" ಅಂದಳು. ತಂದೆ. ಗಂಜಿ ಕಾಯಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಕುಡಿಸಿದಳು. ಎಷ್ಟೋ ದಿನಗಳ ಮೇಲೆ ಅವನು ಬಟ್ಟಲು ತುಂಬ ಕುಡಿದ. ಕುಡಿದು, ಕಣ್ಣು ತೆರೆಯದೆಯೇ, "ಅಗದಿ ಚಲೋ ಐತಿ. ಎಲ್ಲೀದು?" ಎಂದು ಕೇಳಿದ.

"ನಿಮ್ಮ ಚೀಲದ್ದ ರೀ" ಅಂದಳು ದೊಡ್ಡವ್ವ. "ಅಣ್ಣಿಗೇರಿಂದ ತಂದಿದ್ರಲ್ಲಾ, ಅದ."

ಅವನ ಮುಖ ಸಡಿಲಾಯಿತು. ಸುಖವಾಗಿ ಒಂದು ಉಸಿರು ಬಿಟ್ಟು ನಿದ್ದೆಹೋದ. ದೊಡ್ಡವ್ವ ಅವನ ಬಾಯಿ ಒರೆಸಿ, ಹೊದಿಕೆ ಎಳೆದು, ಬಟ್ಟಲು ತೊಳೆಯಲು ಎದ್ದಳು. ನಾನು ಬಾಗಿಲಲ್ಲಿ ನಿಂತು ಅವಳ ಮುಖ ಹುಡುಕಿದೆ. ಆ ಸುಳ್ಳು ಹೇಳಿಸಿದ್ದು ಮರುಕವೋ, ನಾನು ಜೀವಮಾನವಿಡೀ ಪಟ್ಟದ್ದಕ್ಕಿಂತ ದೊಡ್ಡ ತಾತ್ಸಾರವೋ, ನನಗೆ ಗೊತ್ತಾಗಲಿಲ್ಲ. ಅವಳು ನನ್ನ ಕಡೆ ನೋಡದೆ, ಉಳಿದ ಗಂಜಿಯನ್ನು ಇನ್ನೊಂದು ಬಟ್ಟಲಿಗೆ ಸುರುವಿಕೊಂಡು, ಒಲೆಯ ಮುಂದೆ ಕೂತು, ತುಸುತುಸುವೇ ತಾನೂ ಕುಡಿದಳು.