ಬರ್ತೀನಿ ಅನ್ನದೆ ಹೋದವರು

ಆಗ ನಮ್ಮ ಮನೆಗೆ ಬಂದವರು ಯಾರೂ ಹೇಳಿ ಹೋಗುತ್ತಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದೆ. ಬಳ್ಳಾರಿಯ ಆ ದಸರಾ ರಜೆಯನ್ನು ನೆನೆದರೆ ಇವತ್ತಿಗೂ ಮೊದಲು ಕಣ್ಣಿಗೆ ಬರುವುದು ಹಾರುಹೊಡೆದು ನಿಂತ ನಮ್ಮ ಮನೆಯ ಗೇಟು. ಬಂದವರು ಸುಮ್ಮನೆ ಎದ್ದು ಹೋಗುತ್ತಿದ್ದರು, ಗೇಟು ಹಾಕಿ ಬರುವ ಕೆಲಸ ನನ್ನದಾಗಿತ್ತು.

ನಮ್ಮ ಕಡೆ ಹೊರಡುವವರು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಮನೆಯವರು 'ಹೋಗಿ ಬರ್ರಿ' ಅನ್ನಬೇಕು. ಸತ್ತವರ ಮನೆಯಲ್ಲಿ ಮಾತ್ರ ಈ ಎರಡೂ ಮಾತಿಲ್ಲ. ಅಲ್ಲಿಂದ ಎದ್ದು, ಚಪ್ಪಲಿ ಮೆಟ್ಟಿ, ಹಿಂದೆ ನೋಡದೆ ನಡೆಯಬೇಕು. ಬರ್ತೀನಿ ಅಂದರೆ ಮತ್ತೆ ಅಂಥದ್ದೇ ಕೆಲಸಕ್ಕೆ ಬರುತ್ತೇನೆ ಅಂದ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಅಪ್ಪ, ಅವ್ವ, ನಾನು, ನನ್ನ ತಮ್ಮ ನಾಲ್ಕೂ ಜನ ಗುಂಡುಕಲ್ಲಿನ ಹಾಗಿದ್ದೆವು. ಆದರೆ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಹೆಣ ಇಡುವ, ಕ್ಲಬ್ಬಿನ ಫ್ರೀಜರ್ ಪೆಟ್ಟಿಗೆ ಇತ್ತು.

ಅಪ್ಪ ಊರಿನ ಒಂದು ಸೇವಾ ಕ್ಲಬ್ಬಿನ ಕಾರ್ಯದರ್ಶಿ. ಕ್ಲಬ್ಬು ಎಂದರೆ ನಮಗೆ ಕೊಳಗಲ್ಲಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪು, ಕರೂರಿನ ಮಕ್ಕಳಿಗೆ ನೋಟ್‌ಬುಕ್ಕು ಹಂಚುವುದು, ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ, ಮತ್ತೆ ಏನೇ ನಡೆಯಲಿ ಕೊನೆಗೆ ತಿನ್ನಲು ತಪ್ಪದ ಉಗ್ಗಾಣಿ ಮಿರ್ಚಿ. ದಸರಾ ರಜೆಯ ಮಕ್ಕಳ ಶಿಬಿರ ನಡೆಯುತ್ತಿದ್ದದ್ದು ನಮ್ಮ ಅಂಗಳದಲ್ಲಿ. ನಡೆಸುತ್ತಿದ್ದವಳು ಅವ್ವ. ಹಾಡು, ಚಿತ್ರ, ಕಡೆಗೊಂದು ನಾಟಕ. ಓಣಿಯ ಮಕ್ಕಳೆಲ್ಲ ಬೆಳಿಗ್ಗೆ ಬಂದರೆ ಬಿಸಿಲೇರುವವರೆಗೂ ಅಲ್ಲೇ. ಅವ್ವನಿಗೆ ಜನ ಬೇಕು. ಬಂದವರಿಗೆ ತಿನ್ನಲು ಕೊಡುವುದಕ್ಕಿಂತ ಅವರನ್ನು ಕಳಿಸುವುದಕ್ಕೆ ಅವಳಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಗೇಟಿನವರೆಗೆ ಬಂದು "ಹೋಗಿ ಬರ್ರಿ" ಅಂದು, ಅಲ್ಲಿಂದ ಮತ್ತೊಂದು ಮಾತು ತೆಗೆದು, ಮತ್ತೆ "ಹೋಗಿ ಬರ್ರಿ" ಅನ್ನುತ್ತಿದ್ದಳು. ಅಪ್ಪ ಒಳಗಿನಿಂದ, "ಅವರನ್ನ ಬಿಡಾ, ಅವ್ರಿಗೂ ಮನಿ ಐತಿ" ಎಂದು ಕೂಗುತ್ತಿದ್ದ.

ಪೆಟ್ಟಿಗೆ ಬಂದದ್ದು ಆ ವರ್ಷ ಬೇಸಿಗೆಯ ಕೊನೆಗೆ. ದೂರದ ಊರಿಂದ ಮಕ್ಕಳು ಬರುವ ತನಕ ಹೆಣ ಕೆಡಬಾರದಲ್ಲ, ಬಳ್ಳಾರಿಯ ಬಿಸಿಲಿಗೆ ಅದೊಂದು ದೊಡ್ಡ ಉಪಕಾರ. ಯಾರೋ ಪುಣ್ಯಾತ್ಮರು ಕ್ಲಬ್ಬಿಗೆ ದಾನ ಕೊಟ್ಟರು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲಿಡಬೇಕು ಎಂದಾಗ ಒಬ್ಬರಿಗೆ ವಾಸ್ತು ಅಡ್ಡ ಬಂತು, ಒಬ್ಬರಿಗೆ ಮಗಳ ಮದುವೆಯ ಮಾತುಕತೆ ನೆನಪಾಯಿತು. ಅಪ್ಪ ಮನೆಗೆ ಬಂದು ಅವ್ವನನ್ನು ಕೇಳಿದ.

"ನಮ್ಮ ಶೆಡ್ಡು ಖಾಲಿ ಐತಿ. ಏನಂತಿ?"

"ಇಡ್ರಿ. ಎಲ್ಲಾರ ಮನಿಗೂ ಬೇಕಾಗೋದ ಅದು."

ಆ ಶೆಡ್ಡು ಅಪ್ಪನ ಜೀನ್ಸ್ ಹೊಲಿಯುವ ಯೂನಿಟ್ಟು ಇದ್ದ ಜಾಗ. ಮಷೀನುಗಳು ಬೇರೆ ಕಡೆ ಹೋಗಿದ್ದವು, ನೀಲಿ ಚಿಂದಿಯ ರಾಶಿ ಉಳಿದಿತ್ತು. ಪೆಟ್ಟಿಗೆಯನ್ನು ಅದರ ಪಕ್ಕದಲ್ಲಿ ಇಟ್ಟರು. ಉದ್ದಕ್ಕೆ, ಮೇಲೆ ಗಾಜಿನ ಮುಚ್ಚಳ, ಕಾಲಿನ ಕಡೆ ಮೋಟರು. ಕೊಂಡೊಯ್ಯಲು ಬರುವವರು ಲಗೇಜ್ ಆಟೋ ತರುತ್ತಿದ್ದರು. ಕೊಟ್ಟ ನೀರು ಕುಡಿಯುತ್ತಿರಲಿಲ್ಲ, ಹೋಗುವಾಗ ಮಾತಿಲ್ಲ. ತಂದು ಬಿಡುವವರೂ ಹಾಗೇ. ವಾಪಸು ಬಂದ ಪೆಟ್ಟಿಗೆಯಿಂದ ಊದುಬತ್ತಿ, ಸೇವಂತಿಗೆ, ಫಿನಾಯಿಲು ಎಲ್ಲ ಕಲೆತ ವಾಸನೆ ಬರುತ್ತಿತ್ತು. ಅಪ್ಪ ಅದನ್ನು ತೊಳೆದು, ಮೋಟರು ಸರಿ ಇದೆಯೋ ನೋಡಲು ಸ್ವಲ್ಪ ಹೊತ್ತು ಚಾಲೂ ಮಾಡಿ ಬಿಡುತ್ತಿದ್ದ. ನಡುವೆ ಕರೆಂಟು ಹೋದರೆ ಬಂದ್ ಮಾಡುವುದನ್ನು ಮರೆಯುತ್ತಿದ್ದ. ಮಟಮಟ ಮಧ್ಯಾಹ್ನ ಓಣಿಯಲ್ಲಿ ಒಂದು ನಾಯಿಯೂ ಇಲ್ಲದ ಹೊತ್ತಿನಲ್ಲಿ ಕರೆಂಟು ಬಂದು, ಶೆಡ್ಡಿನೊಳಗಿಂದ ಉಸಿರೆಳೆದುಕೊಂಡ ಸದ್ದಾಗಿ, ಆಮೇಲೆ ಗುಂಯ್ ಎಂದು ಶುರುವಾಗುತ್ತಿತ್ತು. ನನ್ನ ತಮ್ಮ ಊಟದ ತಟ್ಟೆ ಬಿಟ್ಟು ಅವ್ವನ ತೊಡೆ ಏರುತ್ತಿದ್ದ.

ಒಮ್ಮೆ ನಾನು ಧೈರ್ಯ ಮಾಡಿ ಒಳಗೆ ಹೋಗಿ ನೋಡಿದೆ. ಗಾಜಿನ ತುಂಬ ಮಂಜು ಕಟ್ಟಿತ್ತು. ನಡುವೆ ಮಾತ್ರ ಅಂಗೈಯಷ್ಟು ಜಾಗ ಒರೆಸಿದಂತಿತ್ತು. ಬೆರಳಿಟ್ಟು ನೋಡಿದರೆ ಮಂಜು ಇದ್ದದ್ದು ಗಾಜಿನ ಒಳಮೈಯಲ್ಲಿ. ರಾತ್ರಿ ಅಪ್ಪ ಮನೆಗೆ ಬಂದ ಮೇಲೆ ಹೇಳಿದೆ. "ನಾನ ಒರಸೀನಿ ಬಿಡು, ಒಳಗೂ ಒರಸಬೇಕಾಗ್ತೈತಿ" ಎಂದ. ಅಪ್ಪ ಆವತ್ತು ಬೆಳಿಗ್ಗೆಯಿಂದ ಊರಲ್ಲಿರಲಿಲ್ಲ. ಅದನ್ನು ನಾನು ನೆನಪು ಮಾಡಿಕೊಡಲಿಲ್ಲ, ಅಪ್ಪನಿಗೂ ಗೊತ್ತಿಲ್ಲದಿದ್ದರೆ ಏನು ಮಾಡುವುದೆಂದು ಹೆದರಿದೆ.

ಓಣಿಯ ದೊಡ್ಡವರು ನಮ್ಮ ಮನೆಯಿಂದ ಹೇಳದೆ ಹೋಗುವುದನ್ನು ಶುರು ಮಾಡಿದ್ದು ಅದೇ ತಿಂಗಳುಗಳಲ್ಲಿ. ಸಕ್ಕರೆ ಕೇಳಲು ಬಂದವರೂ ಬಟ್ಟಲು ಸೆರಗಿನಲ್ಲಿ ಮರೆಮಾಡಿ ಸುಮ್ಮನೆ ನಡೆದುಬಿಡುತ್ತಿದ್ದರು. ಅವ್ವ ನಕ್ಕಳು. ತಾನು ಮಾತ್ರ ಬಿಡಲಿಲ್ಲ, ಹೋಗುವವರ ಬೆನ್ನಿಗೇ "ಹೋಗಿ ಬರ್ರಿ" ಎಂದು ಕೂಗುತ್ತಿದ್ದಳು. ಪೆಟ್ಟಿಗೆ ಒಯ್ಯುವವರಿಗೆ ಮಾತ್ರ ತುಟಿ ಬಿಗಿಹಿಡಿದು ಕೈ ಮುಗಿಯುತ್ತಿದ್ದಳು.

ದಸರಾ ರಜೆ ಬಂತು. ಮಕ್ಕಳು ಬಂದರು. ಆ ವರ್ಷದ ನಾಟಕ ಅವ್ವನೇ ಕಟ್ಟಿದ್ದು, ಗುಬ್ಬಿಗಳು ಪಂಚಾಯ್ತಿ ಸೇರಿಸಿ ಹದ್ದಿನ ಮೇಲೆ ದೂರು ಕೊಡುವ ಕಥೆ. ಶೆಡ್ಡಿನ ಜೀನ್ಸ್ ಚಿಂದಿಯಲ್ಲಿ ರೆಕ್ಕೆ ಹೊಲಿದಿದ್ದಳು. ಪಕ್ಕದ ಮನೆಯ ಸುಜಾತ ಹದ್ದು, ನಾನು ಗುಬ್ಬಿ. ಅಭ್ಯಾಸ ನಡೆಯುತ್ತಿದ್ದಾಗ ಕುರುಗೋಡಿನಿಂದ ಒಬ್ಬರು ಬಂದರು. ಹೆಸರು ದೊಡ್ಡಬಸಪ್ಪ. ಅವರ ತಂದೆ ತೀರಿಕೊಂಡಿದ್ದರು. ಅಪ್ಪ ಸಿರುಗುಪ್ಪಕ್ಕೆ ಹೋಗಿದ್ದ, ಅವ್ವನೇ ಶೆಡ್ಡಿನ ಬೀಗ ತೆಗೆದಳು. ಇತರರ ಹಾಗಲ್ಲದೆ ಆತ ನೀರು ಕೇಳಿ ಕುಡಿದರು. ಚೊಂಬನ್ನು ತಾವೇ ತೊಳೆದು ಬೋರಲು ಹಾಕಿದರು. ರೆಕ್ಕೆ ಕಟ್ಟಿಕೊಂಡ ನಮ್ಮನ್ನು ನೋಡಿ, "ಏನು ಆಟ ಕಲ್ಯಾಕ ಹತ್ತೀರಿ?" ಎಂದು ಕೇಳಿದರು. ಪೆಟ್ಟಿಗೆಯನ್ನು ಆಟೋಗೆ ಏರಿಸಿದರು. ಗೇಟಿನ ಬಳಿ ಆತ ಕೈ ಮುಗಿದರು. ಅವ್ವನೂ ಕೈ ಮುಗಿದಳು. ಮನೆಗೆ ಬಂದ ನೆಂಟರನ್ನು ಕಳಿಸುತ್ತಿದ್ದೇನೆ ಎನ್ನಿಸಿತೋ ಏನೋ, ಬಾಯಿ ತನ್ನ ರೂಢಿಯಂತೆ ಆಡಿಬಿಟ್ಟಿತು.

"ಹೋಗಿ ಬರ್ರಿ ಅಣ್ಣಾ."

ಆತ ನಿಂತು ಅವ್ವನನ್ನು ನೋಡಿದರು. ಕೋಪವೇನೂ ಇರಲಿಲ್ಲ. ತಲೆ ಆಡಿಸಿ ಆಟೋ ಹತ್ತಿದರು. ನಮ್ಮ ಗುಬ್ಬಿಗಳೆಲ್ಲ ಆ ಮಾತು ಕೇಳಿಸಿಕೊಂಡಿದ್ದವು. ಅವ್ವನ ಕೈ ಗೇಟಿನ ಮೇಲೇ ಉಳಿಯಿತು.

ಪೆಟ್ಟಿಗೆ ವಾಪಸು ಬಂತು. ಅಪ್ಪ "ಬಾಯಿ ತಪ್ಪಿ ಬಂದ ಮಾತು, ಬಿಟ್ಟುಬಿಡು" ಎಂದ. ಒಂದು ವಾರವೂ ಆಗಿರಲಿಲ್ಲ, ಅದೇ ಹೊತ್ತಿಗೆ ಅದೇ ಆಟೋ ನಮ್ಮ ಗೇಟಿನ ಮುಂದೆ ನಿಂತಿತು. ದೊಡ್ಡಬಸಪ್ಪ ಇಳಿದರು.

"ಅಕ್ಕಾ, ಪೆಟಿಗಿ ಬೇಕಾಗಿತ್ರಿ."

"ಯಾರಿಗ್ರಿ?"

"ನಮ್ಮವ್ವಗ."

ಅವ್ವ ಬೀಗದ ಕೈಯನ್ನು ಅಪ್ಪನ ಕೈಗೆ ಕೊಟ್ಟು ಹೊಸ್ತಿಲಲ್ಲೇ ಕೂತಳು.

ಮರುದಿನ ಸುಜಾತ ಬರಲಿಲ್ಲ. ಅದರ ಮರುದಿನ ಗುಬ್ಬಿಗಳೂ ಬರಲಿಲ್ಲ. ಯಾರೂ ಜಗಳವಾಡಲಿಲ್ಲ, ಯಾರೂ ಕಾರಣ ಹೇಳಲಿಲ್ಲ. ರೆಕ್ಕೆಗಳನ್ನು ಅವ್ವ ಶೆಡ್ಡಿನ ಮೊಳೆಗೆ ತೂಗುಹಾಕಿದಳು. ಪೆಟ್ಟಿಗೆ ಚಾಲೂ ಆದಾಗ ಮೋಟರಿನ ಗಾಳಿಗೆ ಅವು ಒಂದೊಂದಾಗಿ ಅಲುಗುತ್ತಿದ್ದವು. ಕಿಟಕಿಯಿಂದ ನೋಡಿದರೆ ಯಾರೋ ಅವನ್ನು ಮುಟ್ಟುತ್ತ ಸಾಲಾಗಿ ನಡೆದು ಹೋದಂತೆ ಕಾಣುತ್ತಿತ್ತು.

ಅದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಅವ್ವನ ಬಾಯಿ. ಅವಳು ಯಾರಿಗೂ 'ಬರ್ರಿ' ಅನ್ನುವುದನ್ನು ಬಿಟ್ಟಳು. ಹಾಲಿನವನಿಗೆ ಇಲ್ಲ, ತರಕಾರಿಯವಳಿಗೆ ಇಲ್ಲ. ಅಪ್ಪ ಸ್ಕೂಟರು ಹತ್ತಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ನಾನು ಅಂಗಡಿಗೆ ಹೊರಟು ಹೊಸ್ತಿಲ ಮೇಲೆ "ಬರ್ತೀನವ್ವ" ಎಂದು ಕಾದರೆ, "ಹೋಗಿ ಬಾ" ಎಂಬ ಮಾತು ಬರುತ್ತಿರಲಿಲ್ಲ. ಹೋಗು ಎಂದು ಕೈ ಮಾಡುತ್ತಿದ್ದಳು. ಅವಳ ಮಾತಿಗೆ ಒಬ್ಬರನ್ನು ಅಂಥ ಕೆಲಸಕ್ಕೆ ಮತ್ತೆ ಕರೆತರುವ ಬಲ ಇದ್ದರೆ, ದಿನಾ ನನ್ನನ್ನು ಮನೆಗೆ ಕರೆತರುತ್ತಿದ್ದದ್ದೂ ಅದೇ ಮಾತಲ್ಲವೇ. ಅದಿಲ್ಲದೆ ಹೋದರೆ ನಾನು ತಿರುಗಿ ಬರುತ್ತೇನೆಂದು ಯಾರು ಹೇಳಿದರು. ಓಣಿಯ ತುದಿಯ ಅಂಗಡಿ ಕಣ್ಣಿಗೆ ಕಾಣುತ್ತಿತ್ತು, ಆದರೂ ನಾನು ಅರ್ಧ ದಾರಿಯಿಂದ ಓಡಿ ಬರುತ್ತಿದ್ದೆ. ಆಮೇಲೆ ಗೇಟು ದಾಟುವುದನ್ನೇ ಬಿಟ್ಟೆ. ಶಾಲೆ ಶುರುವಾದರೆ ಏನು ಮಾಡುವುದೆಂಬ ಚಿಂತೆಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ವಿಜಯದಶಮಿ ಬಂತು. ಆ ಸಂಜೆ ಬನ್ನಿ ಎಲೆ ಹಿಡಿದು ಊರೆಲ್ಲ ಮನೆ ಮನೆಗೆ ಹೋಗುತ್ತದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಜಗಳವಾಡಿದವರೂ ಕೈ ಹಿಡಿಯುತ್ತಾರೆ. ಅವ್ವ ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಳು. ಅಂಗಳದ ದೀಪ ಹಾಕಿದ್ದೆವು. ಓಣಿಯಲ್ಲಿ ಚಪ್ಪಲಿಗಳ ಸದ್ದು ಬರುತ್ತಿತ್ತು, ನಮ್ಮ ಗೇಟಿನ ಮುಂದೆ ಜೋರಾಗುತ್ತಿತ್ತು, ದಾಟಿ ಹೋಗುತ್ತಿತ್ತು. ಸುಜಾತ ಅವಳಪ್ಪನ ಬೆರಳು ಹಿಡಿದು ಹೋದಳು. ನನ್ನನ್ನು ನೋಡಿದಳು, ನಗಲಿಲ್ಲ. ಅವ್ವ ಎಲೆಗಳನ್ನು ಸರಿ ಮಾಡುತ್ತಲೇ ಇದ್ದಳು. ನನಗೆ ಅಳು ಬಂತು.

ಆಗ ಗೇಟು ಕಿರ್ರೆಂದಿತು. ದೊಡ್ಡಬಸಪ್ಪ ನಿಂತಿದ್ದರು.

ಅವ್ವ ಎದ್ದಳು. ಅವಳ ಕೈಯಲ್ಲಿದ್ದ ತಟ್ಟೆ ವಾಲಿ ಎಲೆಗಳು ನೆಲಕ್ಕೆ ಬಿದ್ದವು. "ಇನ್ನ್ಯಾರಿಗ್ರಿ?" ಎಂದಳು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

"ಅಯ್ಯ, ಪೆಟಿಗಿಗೆ ಬಂದಿಲ್ರಿ ಅಕ್ಕಾ. ನಮಗ ಈ ವರ್ಷ ಹಬ್ಬ ಇಲ್ಲ, ಬನ್ನಿ ಕೊಡಾಂಗಿಲ್ಲ. ಸುಮ್ನ ಮಾತಾಡ್ಸಾಕ ಬಂದೀನಿ." ಹಸಿ ಶೇಂಗಾದ ಚೀಲವನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು.

ಅಪ್ಪ ಓಡಿ ಬಂದ. ಆತ ನಿಧಾನವಾಗಿ ಹೇಳಿದರು. "ಅಪ್ಪ ಹೋದ ಮ್ಯಾಲೆ ನಮ್ಮವ್ವ ಮಾತು ಬಿಟ್ಟಿದ್ಲು, ಕೂಳೂ ಬಿಟ್ಟಿದ್ಲು. ಮುದುಕಿ, ಎಷ್ಟು ದಿನ ತಡಕಂತಾಳ. ಪೆಟಿಗಿ ಕೊಟ್ಟ ಅಕ್ಕ ಹಿಂಗಂದ್ಲು ನೋಡವ್ವ, ಹೋಗಿ ಬರ್ರಿ ಅಂದ್ಲು ಅಂತ ನಾನು ಹೇಳಿದೆ. ನಕ್ಕಳು ನೋಡ್ರಿ, ಅಪ್ಪ ಹೋದ ಮ್ಯಾಲೆ ಮದ್ಲು ನಕ್ಕಿದ್ದು ಅದ. ಆಕಿ ಕರದಾಳಲ್ಲ, ನನಗೂ ಆ ಪೆಟಿಗಿನ ತಗಂಬಾ ಅಂದ್ಲು. ಆಮ್ಯಾಲೆ ನೆಮ್ಮದಿಯಾಗಿ ಮಲಗಿದಾಕಿ ಏಳಲಿಲ್ರಿ. ನಿಮಗ ಹೇಳಬೇಕು ಅನ್ನಿಸ್ತು."

"ಕೇಳಿದಿ?" ಎಂದ ಅಪ್ಪ. ಅವನ ಮುಖ ಅರಳಿತ್ತು. "ನಿನ್ನ ಮಾತಿಂದ ಒಂದು ಜೀವಕ್ಕ ಸಮಾಧಾನ ಆತು."

ದೊಡ್ಡಬಸಪ್ಪ ಒಳ್ಳೆಯದಕ್ಕೇ ಹೇಳಿದ್ದರು. ಆದರೆ ಅವ್ವನ ಮುಖ ನೋಡುತ್ತಿದ್ದವಳು ನಾನೊಬ್ಬಳೇ. ಅಲ್ಲಿಯವರೆಗೆ ಅವಳಿಗೆ ಅನುಮಾನ ಮಾತ್ರ ಇತ್ತು. ಈಗ ಮುದುಕಿಯೇ ಸಾಕ್ಷಿ ಹೇಳಿದ್ದಳು, ಕರೆದಳು, ಬಂದೆ ಅಂತ.

ಆತ ಎದ್ದು ಗೇಟಿನ ಬಳಿ ಹೋಗಿ ತಿರುಗಿ ನಿಂತರು. "ಬರ್ತೀನಕ್ಕಾ" ಎಂದರು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ಹೊರಗಿನವರೊಬ್ಬರು ಆಡಿದ ಮಾತು. ಉತ್ತರಕ್ಕೆ ಕಾದು ನಿಂತರು. ಅವ್ವನ ತುಟಿ ಬಿಚ್ಚಿತು. ಮಾತು ಬರಲಿಲ್ಲ. ಶೆಡ್ಡಿನಲ್ಲಿ ಪೆಟ್ಟಿಗೆ ಸದ್ದಿಲ್ಲದೆ ಇತ್ತು. ಕಡೆಗೆ ಆತ ತಲೆ ತಗ್ಗಿಸಿ ಕತ್ತಲಲ್ಲಿ ನಡೆದರು, ಗೇಟನ್ನು ತಾವೇ ಹಾಕಿಕೊಂಡು.

ನನಗೆ ಎಲ್ಲಿತ್ತೋ ಸಿಟ್ಟು. ಗೇಟು ತೆಗೆದು ಬೀದಿಗೆ ಇಳಿದೆ. "ಅವ್ವ, ನಾನು ಬರ್ತೀನಿ" ಎಂದು ಕಿರುಚಿದೆ. "ಹೋಗಿ ಬಾ ಅನ್ನು. ಅನ್ನದಿದ್ರ ನಾನು ಬರಾಂಗಿಲ್ಲ." ಅವ್ವ ಅನ್ನಲಿಲ್ಲ. ಬರಿಗಾಲಲ್ಲಿ ಬೀದಿಗೆ ಬಂದಳು. ನನ್ನ ಕೈ ಹಿಡಿದು, ಮನೆಯ ಕಡೆಗಲ್ಲ, ನಾನು ಮುಖ ಮಾಡಿದ್ದ ಕಡೆಗೇ ನಡೆದಳು. ಓಣಿಯ ತುದಿಯ ಅಂಗಡಿಯವರೆಗೆ ಹೋದೆವು. ಅಲ್ಲಿ ಒಂದು ನಿಮಿಷ ನಿಂತು ತಿರುಗಿ ಬಂದೆವು.

ಶಾಲೆ ಶುರುವಾದಾಗ ಅವ್ವ ಶಾಲೆಯವರೆಗೂ ಬಂದಳು. ಹೋಗಿ ಬಾ ಅನ್ನಲಾರದವಳು ಜೊತೆಗೇ ಬರತೊಡಗಿದಳು. ಕಾಲೇಜಿಗೆ ಹೋದಾಗ ಬಸ್ಸಿನವರೆಗೆ ಬಂದಳು, ಗೆಳತಿಯರು ನಕ್ಕರು. ನನ್ನ ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಟ್ಟ ಮೇಲೆ ಅವಳೇ ಬಂದು ಕಾರಿನಲ್ಲಿ ಕೂತಳು. ಬೀಗರು ಮುಖ ಮುಖ ನೋಡಿಕೊಂಡರು. ನನಗೆ ನಾಚಿಕೆಯಾಗಿತ್ತು, ಹೆಮ್ಮೆಯೂ ಆಗಿತ್ತು.

ಈಗ ಆ ಪೆಟ್ಟಿಗೆ ಇಲ್ಲ, ಅಪ್ಪನೂ ಇಲ್ಲ. ಫೋನ್ ಮಾಡಿದರೆ ಹೊಸ ಪೆಟ್ಟಿಗೆ ಯಾರ ಮನೆಯದೂ ಅಲ್ಲದ ಗೋದಾಮಿನಿಂದ ಬರುತ್ತದೆ. ಓಣಿಯಲ್ಲಿ ಹೊರಡುವವರು ಕಿವಿಗೆ ಫೋನ್ ಇಟ್ಟುಕೊಂಡೇ ಹೊರಡುತ್ತಾರೆ, ಹೇಳಿ ಹೋಗುವವರೂ ಇಲ್ಲ, ಹೇಳದೆ ಹೋದರೆ ಬೆಚ್ಚುವವರೂ ಇಲ್ಲ. ಅವ್ವ ಬಳ್ಳಾರಿಯಲ್ಲೇ ತಮ್ಮನ ಜೊತೆ ಇದ್ದಾಳೆ. ನಾನು ಸಿರುಗುಪ್ಪದಲ್ಲಿ ಪಾಠ ಹೇಳುತ್ತೇನೆ, ರಜೆ ಸಿಕ್ಕಾಗಲೆಲ್ಲ ಹೋಗುತ್ತೇನೆ. ಅವಳಿಗೆ ಮರೆವಿನ ಕಾಯಿಲೆ. ಮೊದಲು ಹೆಸರುಗಳು ಹೋದವು, ಆಮೇಲೆ ವರ್ಷಗಳು.

ಹೋದ ತಿಂಗಳು ಅವಳ ತಲೆ ಬಾಚಿ, ಊಟ ಮಾಡಿಸಿ ಹೊರಟೆ. ಚಪ್ಪಲಿ ಮೆಟ್ಟಿ "ಬರ್ತೀನವ್ವ" ಎಂದೆ. ಅವಳು ಎದ್ದು ಗೇಟಿನವರೆಗೆ ಬಂದಳು. ಮುಖದಲ್ಲಿ ನಾನು ಮರೆತೇಹೋಗಿದ್ದ ಒಂದು ನಗು ಇತ್ತು.

"ಯಾವೂರ್ರಿ ನಿಮ್ದು? ಬಿಸಿಲು ಭಾಳ ಐತಿ, ನೀರು ಕುಡದ್ರಿಲ್ಲೋ?" ಎಂದಳು. "ಹೋಗಿ ಬರ್ರಿ ಅಕ್ಕಾ. ಹೋಗಿ ಬರ್ರಿ."

ಹೂಂ ಎಂದೆ. ಸಿರುಗುಪ್ಪದ ಬಸ್ಸಿನವರೆಗೆ ಆವತ್ತು ಮೊದಲ ಸಲ ನಾನೊಬ್ಬಳೇ ನಡೆದೆ.