ಕಂಬದ ಮನೆಯ ಕೆಳಗೆ ಯಾರು?

ಬಸವಕಲ್ಯಾಣದ ಖಮರುದ್ದೀನ್ ವೆಲ್ಡಿಂಗ್ ಕೆಲಸಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಗೇಟು, ಕಿಟಕಿ ಏನೇ ಇರಲಿ, ಹೇಳಿದ ದಿನಕ್ಕೆ ಮುಗಿಸಿ ಕೊಡುವ ಮನುಷ್ಯ. ಕಟ್ಟಡದ ತೆರೆದ ತಳವನ್ನು ಕಬ್ಬಿಣದ ಬಲೆಯ ಜಾಲಿ ಹೊಡೆದು ಮುಚ್ಚುವ ಕೆಲಸದಲ್ಲಿ ಮಾತ್ರ ತಡ ಮಾಡುತ್ತಿದ್ದ. ಹಿಂದೊಮ್ಮೆ ಹಳ್ಳಿಖೇಡದಲ್ಲಿ ಒಂದು ಗೋದಾಮಿನ ತಳ ಮುಚ್ಚಿ ಬಂದಿದ್ದ. ಒಳಗೆ ಬೆಕ್ಕಿನ ಮರಿಗಳಿದ್ದವು. ಹೊರಗುಳಿದ ತಾಯಿ ಎರಡು ದಿನ ಜಾಲಿ ಕೆರೆಯಿತಂತೆ. ಸುದ್ದಿ ತಿಳಿದು ಓಡಿಹೋಗಿ ಜಾಲಿ ಕತ್ತರಿಸುವಷ್ಟರಲ್ಲಿ ಒಂದೇ ಮರಿ ಉಳಿದಿತ್ತು.

ಈ ಸಲದ ಕೆಲಸ ಹುಮನಾಬಾದಿನಲ್ಲಿ. ನಿವೃತ್ತ ಶಿಕ್ಷಕಿ ಶಕುಂತಲಾಬಾಯಿಯವರ ಮನೆ ನಾಲಾ ಪಕ್ಕದ ತಗ್ಗಿನಲ್ಲಿತ್ತು. ಮಳೆನೀರು ನುಗ್ಗಬಾರದೆಂದು ಮೂರಡಿ ಕಂಬಗಳ ಮೇಲೆ ಕಟ್ಟಿಸಿದ್ದರು. ನೀರೇನೋ ಬರಲಿಲ್ಲ, ಆದರೆ ಕೆಳಗಿನ ನೆರಳಿಗೆ ಓಣಿಯ ಹಂದಿ ನಾಯಿಗಳೆಲ್ಲ ಬಂದವು.

"ಇವತ್ತೇ ಮುಚ್ಚಿಬಿಡ್ರಿ ಖಮರಭಾಯಿ, ವಾಸನಿ ತಡಕೊಳ್ಳಾಕ ಆಗವಲ್ದು," ಎಂದರು ಅವರು.

"ಒಳಗ ಯಾರದಾರ ನೋಡದ ಮುಚ್ಚಂಗಿಲ್ರಿ ಬಾಯಾರ. ನೀರೊಲಿ ಬೂದಿ ಅದಾ ಏನ್ರಿ?"

ಬೂದಿಯನ್ನು ಜರಡಿ ಹಿಡಿದು ಮನೆಯ ಸುತ್ತ ತೆಳುವಾಗಿ ಚೆಲ್ಲಿದ. ಸಂಜೆ ಇಬ್ಬರೂ ಬಗ್ಗಿ ನೋಡಿದರು. ನಾಯಿ, ಬೆಕ್ಕು, ಕೋಳಿ ಹೋಗಿ ಬಂದ ಗುರುತಿತ್ತು. ಹಿಂದಿನ ಮೂಲೆಯಲ್ಲಿ ಮಾತ್ರ ಉದ್ದನೆಯ ಗೆರೆಯೊಂದು ಒಳಗೆ ಹೋಗಿತ್ತು, ಹೊರಗೆ ಬಂದಿರಲಿಲ್ಲ.

"ಅಯ್ಯ, ಹಾವು!" ಶಕುಂತಲಾಬಾಯಿ ಹಿಂದೆ ಸರಿದರು.

"ಹಾವಿಗಿ ಕಾಲ ಎಲ್ಲಿ ಬರ್ತಾವ್ರಿ? ಗೆರಿ ಎರಡೂ ಕಡಿ ಉಗುರು ನೋಡ್ರಿ. ನಡುವಿಂದು ಬಾಲ. ಇದು ಉಡ."

ಖಮರುದ್ದೀನ್ ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ತೆವಳಿದ. ದೂರದ ಕಂಬದ ಬುಡದಲ್ಲಿ ಅದು ಕದಲದೆ ಕೂತಿತ್ತು. ಮರಿ, ಮೊಟ್ಟೆ ಏನೂ ಕಾಣಲಿಲ್ಲ. ಅದನ್ನು ಕೆಣಕದೆ ಹಾಗೇ ಹಿಂದಕ್ಕೆ ಬಂದ.

ಮರುದಿನ ಉಳಿದ ಪ್ರಾಣಿಗಳನ್ನೆಲ್ಲ ಓಡಿಸಿ ಜಾಲಿ ಹೊಡೆದ. ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ಕಿಂಡಿ ಬಿಟ್ಟು, ಅದಕ್ಕೆ ಹಗುರ ತಗಡಿನ ಬಾಗಿಲನ್ನು ಮೇಲಿನಿಂದ ಇಳಿಬಿಟ್ಟ. ಒಳಗಿನಿಂದ ದೂಡಿದರೆ ತೆರೆಯಬೇಕು, ಹೊರಗಿನಿಂದ ತೆರೆಯಬಾರದು, ಹಾಗೆ. ಅದರ ಮುಂದೆ ಮತ್ತೆ ಬೂದಿ ಚೆಲ್ಲಿ ಊರಿಗೆ ಹೋದ.

ಎರಡು ದಿನ ಫೋನಿನಲ್ಲಿ ಒಂದೇ ಮಾತು: "ಇನ್ನೂ ಹೋಗಿಲ್ರಿ." ಅವಸರ ಮಾಡುತ್ತಿದ್ದ ಶಕುಂತಲಾಬಾಯಿ ಈಗ ಹಿತ್ತಲಿಗೆ ಸ್ಟೂಲು ಒಯ್ದು ಕೂತುಬಿಟ್ಟಿದ್ದರು. ಚಹಾನೂ ಅಲ್ಲೇ.

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. "ಹೋತು! ಕಣ್ಣಾರೆ ನೋಡೀನಿ!"

ಖಮರುದ್ದೀನ್ ಕೈಯಲ್ಲಿನ ಕೆಲಸ ಬಿಟ್ಟು ಬಂದ. ಬೂದಿಯ ಮೇಲಿನ ಗುರುತು ನಾಲಾ ಕಡೆ ಹೋಗಿತ್ತು. ಒಳಗೆ ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಿ, ಎಲ್ಲ ಖಾಲಿ ಎಂದು ಖಾತ್ರಿ ಮಾಡಿಕೊಂಡ. ಆದರೂ ಕಿಂಡಿ ಮುಚ್ಚಲಿಲ್ಲ, ಅದರ ಮುಂದೆ ಕೂತ.

"ಬಾಗಿಲಾ ಹ್ಯಾಂಗ ತೆಗೀತ್ರಿ ಬಾಯಾರ? ತಲಿಯಿಂದೋ, ಕಾಲಿಂದೋ? ಇಷ್ಟು ವರ್ಷ ಇಂಥಾ ಬಾಗಿಲಾ ಮಾಡೀನಿ, ತೆಗಿಯೂದು ಒಮ್ಮಿನೂ ನೋಡಿಲ್ಲ."

"ಮೊದಲ ನಾಲಿಗಿ ಬಂತ್ರಿ, ತಗಡಿನ ಸಂದ್ಯಾಗಿಂದ. ಆಮ್ಯಾಲ ಮೂತಿ. ತಗಡು ಕಿರ್ ಅಂದಕೂಡ್ಲೆ ಅಂಜಿ ಒಳಗ ಹೋತು. ನಾ ಉಸರ ಹಿಡಕೊಂಡ ಕೂತೆ. ಎರಡನೇ ಸಲ ಬಂದಾಗ ಹೆಗಲಿಂದ ದೂಡಿತು."

"ಹೆಗಲಿಂದ?"

"ಹೂಂ, ಎಡಗಡಿ ಹೆಗಲು."

ಖಮರುದ್ದೀನ್ ಇಡೀ ಕತೆಯನ್ನು ಮತ್ತೊಮ್ಮೆ ಹೇಳಿಸಿಕೊಂಡ. ಆಮೇಲೆ ತಗಡು ಬಿಚ್ಚಿ, ಕೊನೆಯ ಜಾಲಿ ತುಂಡನ್ನು ಕೂಡಿಸಿದ.